ಕ್ರೀಡಾಂಗಣದ ದೊಂಬಿ, ನೂಕುನುಗ್ಗಲು: ನೆನಪೂ ದಾಖಲೆಯೂ

ಫುಟ್‌ಬಾಲ್ ಪಂದ್ಯಕ್ಕೆ ನೆರೆದ ಜನರ ನಡುವೆ ಹುಟ್ಟುವ ಗದ್ದಲ, ಹೊಡೆದಾಟ, ನುಗ್ಗಾಟ ಮತ್ತು ಅವುಗಳಿಂದಾದ ಸಾವುನೋವುಗಳನ್ನು ಕನ್ನಡದಲ್ಲಿ ಹೆಚ್ಚಾಗಿ ಎರಡು ಮಾತುಗಳಲ್ಲಿ ಹೇಳಿ ಮುಗಿಸುತ್ತೇವೆ. ಒಂದು ದೊಂಬಿ, ಇನ್ನೊಂದು ಕಾಲ್ತುಳಿತ. ದೊಂಬಿ ಎಂದೊಡನೆ ಕೆಡುಕು ಮಾಡಲೆಂದೇ ಬಂದ ಗುಂಪು ಕಣ್ಣಿಗೆ ಬರುತ್ತದೆ. ಕಾಲ್ತುಳಿತ ಎಂದೊಡನೆ ಬಿದ್ದವರ ಮೇಲೆ ಕಾಲಿಟ್ಟು ಓಡಿದವರು ನೆನಪಾಗುತ್ತಾರೆ. ಎರಡು ಮಾತುಗಳೂ ತಪ್ಪನ್ನು ಜನರ ಮೇಲೆ ಹೊರಿಸುತ್ತವೆ. ವೈದ್ಯಕೀಯ ದಾಖಲೆ ಹೇಳುವುದು ಬೇರೆ. ಇಂಥ ಅನಾಹುತಗಳಲ್ಲಿ ಬಹುಪಾಲು ಜನ ಸಾಯುವುದು ಕಾಲಡಿಗೆ ಸಿಕ್ಕಿ ಅಲ್ಲ, ನಿಂತಲ್ಲೇ ಎದೆ ಅದುಮಿ ಉಸಿರು ಕಟ್ಟಿ. ಒಂದು ಚದರ ಮೀಟರ್ ಜಾಗದಲ್ಲಿ ಐದಾರು ಮಂದಿಗಿಂತ ಹೆಚ್ಚು ಜನ ಸೇರಿದರೆ ಕೈಯೆತ್ತುವುದಕ್ಕೂ ಆಗುವುದಿಲ್ಲ, ಯಾರೂ ತಮ್ಮ ಇಚ್ಛೆಯಂತೆ ನಡೆಯಲಾರರು. ಹಿಂದಿನವರ ಒತ್ತಡ ಅಲೆಯ ಹಾಗೆ ಮುಂದಕ್ಕೆ ಹರಿಯುತ್ತದೆ, ಮುಂದೆ ಗೋಡೆಯೋ ಬೀಗ ಹಾಕಿದ ಗೇಟೋ ಇದ್ದರೆ ಅಲ್ಲಿದ್ದವರ ಪಕ್ಕೆಲುಬುಗಳು ಉಸಿರಿಗೆ ಅರಳುವುದಿಲ್ಲ. ಕಳೆದ ಆರೇಳು ದಶಕಗಳ ದೊಡ್ಡ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಜನರ ನೆನಪಿನಲ್ಲಿ ಉಳಿದದ್ದು ಅಭಿಮಾನಿಯ ಪುಂಡಾಟಿಕೆ, ತನಿಖೆಯ ಕಡತದಲ್ಲಿ ಉಳಿದದ್ದು ಬಾಗಿಲು. ಈ ಎರಡರಲ್ಲಿ ಕಡತವೇ ಸತ್ಯಕ್ಕೆ ಹತ್ತಿರ ಎಂಬುದು ಈ ಲೇಖನದ ವಾದ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಓದುಗರಿಗೆ ಈ ವಿಷಯ ದೂರದ್ದೆನಿಸಬಹುದು. ಇದು ಫುಟ್‌ಬಾಲಿನ ಸೀಮೆಯಲ್ಲ. ಇಲ್ಲಿ ಊರ ಮುಂದಿನ ಬಯಲಿನಲ್ಲಿ ಆಡುವುದು ಕಬಡ್ಡಿ, ಕೊಕ್ಕೊ, ವಾಲಿಬಾಲ್, ಎಲ್ಲಕ್ಕಿಂತ ಹೆಚ್ಚಾಗಿ ಕ್ರಿಕೆಟ್. ಆದರೆ ಬೆಂಗಳೂರನ್ನೂ ಪುಣೆಯನ್ನೂ ಬೆಸೆಯುವ ರಾಷ್ಟ್ರೀಯ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಮುಟ್ಟಿಯೇ ಹೋಗುತ್ತದೆ. ಬೆಳಿಗ್ಗೆ ಬಸ್ಸು ಹತ್ತಿದವರು ಮಧ್ಯಾಹ್ನದ ಹೊತ್ತಿಗೆ ರಾಜಧಾನಿಯ ಕ್ರೀಡಾಂಗಣದ ಗೇಟಿನಲ್ಲಿರುತ್ತಾರೆ. ಕಂಠೀರವದಲ್ಲೋ ಚಿನ್ನಸ್ವಾಮಿಯಲ್ಲೋ ನೆರೆಯುವ ಜನಸಾಗರವೆಂದರೆ ಬೆಂಗಳೂರಿನವರಷ್ಟೇ ಅಲ್ಲ, ಇಂಥ ಊರುಗಳಿಂದ ಹೋದ ಹುಡುಗ ಹುಡುಗಿಯರೂ ಅದರಲ್ಲಿದ್ದಾರೆ. ಇದಲ್ಲದೆ ಬಾಗಿಲು ಮತ್ತು ಗುಂಪಿನ ಸಂಬಂಧವನ್ನು ಅರ್ಥಮಾಡಿಕೊಳ್ಳಲು ನಾಡಿನಲ್ಲಿ ಚಿತ್ರದುರ್ಗದ ಕೋಟೆಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

ಏಳು ಸುತ್ತಿನ ಈ ಕೋಟೆಗೆ 19 ಅಗಸೆಬಾಗಿಲುಗಳು, 38 ದಿಡ್ಡಿಬಾಗಿಲುಗಳು ಎಂದು ಲೆಕ್ಕ. ರಂಗಯ್ಯನ ಬಾಗಿಲು, ಸಂತೆಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಎಂಬ ಹೆಸರುಗಳು ಇಂದಿಗೂ ಊರಿನ ಬಾಯಲ್ಲಿವೆ. ಕೋಟೆಯ ದಾರಿ ನೇರವಾಗಿ ಸಾಗುವುದಿಲ್ಲ. ಒಂದು ಬಾಗಿಲು ದಾಟಿದ ಮೇಲೆ ತಿರುವು, ತಿರುವಿನಾಚೆ ಇಕ್ಕಟ್ಟು, ಮತ್ತೆ ಇನ್ನೊಂದು ಬಾಗಿಲು. ಕಟ್ಟಿದವರ ಉದ್ದೇಶ ಸ್ಪಷ್ಟ: ಹೊರಗೆ ಎಷ್ಟೇ ಸಾವಿರ ಜನರಿರಲಿ, ಒಳಗೆ ಬರುವಾಗ ಅವರು ಬಿಡಿಬಿಡಿಯಾಗಿ ಬರಬೇಕು, ಹಿಂದಿನವರು ಒತ್ತಬೇಕು, ಮುಂದಿನವರು ಸಿಕ್ಕಿಬೀಳಬೇಕು. ಒನಕೆ ಓಬವ್ವನ ಕಿಂಡಿ ಈ ತತ್ತ್ವದ ಕೊನೆಯ ರೂಪ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿಬರಬೇಕಾಗಿದ್ದರಿಂದಲೇ ಒಬ್ಬ ಹೆಣ್ಣುಮಗಳು ಒನಕೆ ಹಿಡಿದು ಒಂದು ಸೈನ್ಯಕ್ಕೆ ಎದುರು ನಿಲ್ಲಲು ಸಾಧ್ಯವಾಯಿತೆಂದು ಜನಪದ ಹೇಳುತ್ತದೆ. ಆಕೆಯ ಧೈರ್ಯವನ್ನು ಕೊಂಡಾಡುವಾಗ ಆ ಕಲ್ಲಿನ ಸಂದಿ ಮಾಡಿದ ಕೆಲಸವನ್ನೂ ಗಮನಿಸಬೇಕು. ಇಕ್ಕಟ್ಟು ಎಂಬುದು ಒಂದು ಆಯುಧ. ಕೋಟೆಯಲ್ಲಿ ಅದು ಶತ್ರುವಿಗಾಗಿ ಇದ್ದದ್ದು. ಕ್ರೀಡಾಂಗಣದ ಬಾಗಿಲನ್ನೂ ಅದೇ ಲೆಕ್ಕದಲ್ಲಿ ಕಟ್ಟಿದರೆ, ಅಂದರೆ ಟಿಕೆಟ್ ಇಲ್ಲದವರು ನುಸುಳದಂತೆ ತಡೆಯುವುದೇ ಅದರ ಮೊದಲ ಕೆಲಸವಾದರೆ, ಆ ಆಯುಧ ತಿರುಗುವುದು ನೋಡಲು ಬಂದವರ ಮೇಲೆ.

ದುರ್ಗದ ಸೀಮೆ ಫುಟ್‌ಬಾಲಿನದಲ್ಲದಿದ್ದರೂ ಕನ್ನಡ ನಾಡಿನ ಫುಟ್‌ಬಾಲ್ ಪರಂಪರೆ ಸಣ್ಣದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ತಂಡ 1946ರಿಂದ 1969ರ ನಡುವೆ ನಾಲ್ಕು ಸಲ ಸಂತೋಷ್ ಟ್ರೋಫಿ ಎತ್ತಿತು. ಆಮೇಲೆ 54 ವರ್ಷ ಕಾದು 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮತ್ತೆ ಅದನ್ನು ಗೆದ್ದಿತು. ಬೆಂಗಳೂರಿನ ಅಹಮದ್ ಖಾನ್ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಒಬ್ಬರಾದರು. ಹೀಗಾಗಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಪೈಪೋಟಿ ನಮ್ಮವರಿಗೂ ಹೊರಗಿನದಲ್ಲ, ಭಾರತದ ಫುಟ್‌ಬಾಲ್ ಚರಿತ್ರೆಯ ಅತ್ಯಂತ ಕಹಿ ದಿನವೂ ಅದೇ ಪೈಪೋಟಿಗೆ ಸೇರಿದ್ದು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವೆ ಲೀಗ್ ಪಂದ್ಯ. ದ್ವಿತೀಯಾರ್ಧದಲ್ಲಿ ದಿಲೀಪ್ ಪಾಲಿತ್ ಮತ್ತು ಬಿದೇಶ್ ಬೋಸ್ ನಡುವೆ ಜಟಾಪಟಿಯಾಗಿ ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಗ್ಯಾಲರಿಯಲ್ಲಿ ಕಲ್ಲು, ಇಟ್ಟಿಗೆ ಹಾರಿದವು. 16 ಜನ ಅಭಿಮಾನಿಗಳು ಸತ್ತರು. ನೆನಪು ಇಂದಿಗೂ ಆ ಇಬ್ಬರು ಆಟಗಾರರ ಹೆಸರಿನ ಸುತ್ತಲೇ ತಿರುಗುತ್ತದೆ. ಆದರೆ ಅಂಥ ಜಟಾಪಟಿ ಆ ಊರಿನ ಪಂದ್ಯಗಳಲ್ಲಿ ಹೊಸದಾಗಿರಲಿಲ್ಲ. ಅಂದು ಹೊಸದಾಗಿದ್ದದ್ದು ಕೂರಿಸಿದ ರೀತಿ. ಕ್ಲಬ್ಬುಗಳ ಸ್ವಂತ ಮೈದಾನದಲ್ಲಿ ಬೇರೆ ಬೇರೆ ಕೂರುತ್ತಿದ್ದ ಎರಡು ಪಕ್ಷದವರು ಅಂದು ಕ್ರಿಕೆಟ್ ಮೈದಾನದ ಒಂದೇ ಗ್ಯಾಲರಿಯಲ್ಲಿ ಬೆರೆತಿದ್ದರು, ಹೊಡೆದಾಟಕ್ಕೆ ಹೆದರಿ ಎದ್ದವರಿಗೆ ಇಳಿಯಲು ಇದ್ದದ್ದು ಇಕ್ಕಟ್ಟಾದ ದಾರಿ. ಜಗಳವಾಡಿದವರು ಕೆಲವರು, ಸಾವು ಬಂದದ್ದು ತಪ್ಪಿಸಿಕೊಳ್ಳಲು ಹೊರಟವರಿಗೆ.

ನೆನಪು ತನ್ನಷ್ಟಕ್ಕೆ ತಾನೇ ಕಾರಣವನ್ನು ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಗ್ಲ್ಯಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದ ಪ್ರಕರಣಕ್ಕಿಂತ ಖಚಿತವಾದ ಸಾಕ್ಷಿ ಇನ್ನೊಂದಿಲ್ಲ. 1971ರ ಜನವರಿ 2ರಂದು ರೇಂಜರ್ಸ್ ಮತ್ತು ಸೆಲ್ಟಿಕ್ ಪಂದ್ಯ ಮುಗಿಯುವ ಹೊತ್ತಿಗೆ 13ನೇ ಮೆಟ್ಟಿಲುಸಾಲಿನಲ್ಲಿ 66 ಜನ ಸತ್ತರು. ತಂಡ ಸೋಲುತ್ತಿದೆಯೆಂದು ಬೇಸತ್ತು ಇಳಿಯುತ್ತಿದ್ದವರು ಕೊನೆಯ ಕ್ಷಣದ ಗೋಲಿನ ಕೂಗು ಕೇಳಿ ಹಿಂದಕ್ಕೆ ತಿರುಗಿ ಓಡಿದರು, ಇಳಿಯುವವರಿಗೂ ಹತ್ತುವವರಿಗೂ ಡಿಕ್ಕಿಯಾಯಿತು ಎಂಬ ಕಥೆ ಆ ವಾರವೇ ಹುಟ್ಟಿ ದಶಕಗಟ್ಟಲೆ ಬದುಕಿತು. ಕೇಳುವುದಕ್ಕೆ ಅದು ಎಷ್ಟು ಸಹಜ! ತನಿಖೆ ಅದನ್ನು ತಳ್ಳಿಹಾಕಿತು. ಎಲ್ಲರೂ ಇಳಿಯುತ್ತಲೇ ಇದ್ದರು, ಒಂದೇ ದಿಕ್ಕಿಗೆ ಮುಖ ಮಾಡಿದ್ದರು. ಅದೇ ಮೆಟ್ಟಿಲುಸಾಲಿನಲ್ಲಿ 1961ರಲ್ಲಿ ಇಬ್ಬರು ಸತ್ತಿದ್ದರು, 1967 ಮತ್ತು 1969ರಲ್ಲೂ ಹಲವರಿಗೆ ಗಾಯಗಳಾಗಿದ್ದವು. ಹತ್ತು ವರ್ಷದಿಂದ ಎಚ್ಚರಿಸುತ್ತಿದ್ದ ಮೆಟ್ಟಿಲುಗಳನ್ನು ಬಿಟ್ಟು ಜನರ ಅವಿವೇಕದ ಕಥೆಯನ್ನು ಲೋಕ ನೆನಪಿಟ್ಟುಕೊಂಡಿತು. ಗೋಲಿನ ಕೂಗಿಗೆ ಜನ ತಿರುಗಿದರೆಂಬ ಕಥೆಯಲ್ಲಿ ಒಂದು ನಾಟಕವಿದೆ, ಕಡಿದಾದ ಮೆಟ್ಟಿಲಿನಲ್ಲಿ ನಾಟಕವಿಲ್ಲ. ನೆನಪು ಯಾವಾಗಲೂ ನಾಟಕದ ಕಡೆಗೇ ವಾಲುತ್ತದೆ.

ಬೀಗದ ಪಾತ್ರ ಇನ್ನೂ ನೇರವಾದುದು. ಪೆರು ದೇಶದ ಲಿಮಾದಲ್ಲಿ 1964ರ ಮೇ 24ರಂದು ಅರ್ಜೆಂಟೀನಾ ವಿರುದ್ಧದ ಪಂದ್ಯದಲ್ಲಿ ರೆಫರಿ ಒಂದು ಗೋಲನ್ನು ಒಪ್ಪಲಿಲ್ಲ. ಅಂಗಳಕ್ಕೆ ಕೆಲವರು ನುಗ್ಗಿದರು, ಪೊಲೀಸರು ಗ್ಯಾಲರಿಗಳತ್ತ ಅಶ್ರುವಾಯು ಸಿಡಿಸಿದರು, ಮೆಟ್ಟಿಲುಗಳ ಕೆಳಗಿನ ಉಕ್ಕಿನ ಬಾಗಿಲುಗಳು ಮುಚ್ಚಿದ್ದವು. ಅಧಿಕೃತ ಲೆಕ್ಕದಲ್ಲೇ 328 ಸಾವು. ಕಠ್ಮಂಡುವಿನ ದಶರಥ ಕ್ರೀಡಾಂಗಣದಲ್ಲಿ 1988ರ ಮಾರ್ಚ್ 12ರಂದು ಜಗಳವೇ ಆಗಲಿಲ್ಲ. ಆಲಿಕಲ್ಲು ಮಳೆ ಸುರಿಯಿತು, ಜನ ಸೂರು ಹುಡುಕಿ ಓಡಿದರು, ಬಹುತೇಕ ಬಾಗಿಲುಗಳಿಗೆ ಬೀಗವಿತ್ತು, 93 ಜನ ಉಸಿರುಗಟ್ಟಿ ಸತ್ತರು. ಇಂಡೊನೇಷ್ಯಾದ ಕಂಜುರುಹಾನ್‌ನಲ್ಲಿ 2022ರ ಅಕ್ಟೋಬರ್ 1ರಂದು ಮತ್ತೆ ಅಶ್ರುವಾಯು, ಮತ್ತೆ ಕಿರಿದಾದ ಬಾಗಿಲುಗಳು, 135 ಸಾವು. ಸಿಟ್ಟು, ಮಳೆ, ಅಶ್ರುವಾಯು ಎಂದು ಕಿಡಿ ಪ್ರತಿ ಸಲ ಬೇರೆ, ಉಸಿರು ಕಟ್ಟಿದ ಜಾಗ ಮಾತ್ರ ಒಂದೇ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೊ ಕ್ರೀಡಾಂಗಣದ ದುರಂತವನ್ನು ಸ್ವಲ್ಪ ನಿಂತು ನೋಡಬೇಕು. ನೆನಪು ಮತ್ತು ದಾಖಲೆ ಪರಸ್ಪರ ಹೋರಾಡಿದ್ದು, ಆ ಹೋರಾಟಕ್ಕೆ 27 ವರ್ಷ ಹಿಡಿದದ್ದು ಅಲ್ಲಿ. 1989ರ ಏಪ್ರಿಲ್ 15, ಎಫ್‌ಎ ಕಪ್ ಸೆಮಿಫೈನಲ್, ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ನಡುವೆ. ಲೆಪಿಂಗ್ಸ್ ಲೇನ್ ಕಡೆಯ ಕೆಲವೇ ತಿರುಗು ಗೇಟುಗಳ ಮುಂದೆ ಸಾವಿರಾರು ಜನ ಒತ್ತಿಕೊಂಡಾಗ, ಹೊರಗಿನ ಒತ್ತಡ ಇಳಿಸಲೆಂದು ಪೊಲೀಸರು ಒಂದು ನಿರ್ಗಮನ ಗೇಟನ್ನು ತೆರೆಸಿದರು. ಒಳಗೆ ಹೋದವರನ್ನು ಎಡಬಲದ ಖಾಲಿ ಅಂಕಣಗಳತ್ತ ತಿರುಗಿಸಲು ಯಾರೂ ಇರಲಿಲ್ಲ. ಎದುರಿಗೆ ಕಂಡ ಸುರಂಗದಲ್ಲಿ ಅವರು ನೇರ ನಡೆದರು. ಅದು ಆಗಲೇ ತುಂಬಿ ತುಳುಕುತ್ತಿದ್ದ ಮಧ್ಯದ ಅಂಕಣಗಳಿಗೆ ಹೋಗುತ್ತಿತ್ತು, ಮುಂದೆ ಕಬ್ಬಿಣದ ಬೇಲಿ. ಹಿಂದಿನ ದಶಕದ ಪುಂಡಾಟಿಕೆಗೆ ಉತ್ತರವೆಂದು ಕಟ್ಟಿದ ಬೇಲಿ ಅದು. ಆ ದಿನವೇ ಪೊಲೀಸ್ ಅಧಿಕಾರಿಯೊಬ್ಬರು, ಅಭಿಮಾನಿಗಳೇ ಗೇಟು ಮುರಿದು ನುಗ್ಗಿದರೆಂದರು. ನಾಲ್ಕೇ ದಿನಗಳಲ್ಲಿ ‘ದಿ ಸನ್’ ಪತ್ರಿಕೆ, ಸತ್ತವರ ಜೇಬಿಗೆ ಅಭಿಮಾನಿಗಳು ಕೈಹಾಕಿದರೆಂದು ಮುಖಪುಟದಲ್ಲಿ ಬರೆಯಿತು. ಎರಡೂ ಸುಳ್ಳು. ಆ ವರ್ಷದ ಆಗಸ್ಟ್‌ನಲ್ಲೇ ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ, ಪೊಲೀಸ್ ನಿಯಂತ್ರಣದ ವೈಫಲ್ಯವೇ ಮುಖ್ಯ ಕಾರಣವೆಂದು ಹೇಳಿತ್ತು. ಆದರೂ ಜನಮನದಲ್ಲಿ ಕುಡುಕರ ಗುಂಪಿನ ಚಿತ್ರವೇ ಉಳಿಯಿತು. 2012ರಲ್ಲಿ ಸ್ವತಂತ್ರ ಸಮಿತಿ ಕಡತಗಳನ್ನು ಬಿಚ್ಚಿತು. 2016ರ ಏಪ್ರಿಲ್ 26ರಂದು ಜ್ಯೂರಿ, ಇವು ಕಾನೂನುಬಾಹಿರ ಕೊಲೆಗಳು, ಅಭಿಮಾನಿಗಳ ವರ್ತನೆ ಇದಕ್ಕೆ ಕಾರಣವಲ್ಲ ಎಂದು ತೀರ್ಪಿತ್ತಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಅಷ್ಟು ಕಾಲ ದುಃಖದ ಜೊತೆಗೆ ಅಪವಾದವನ್ನೂ ಹೊತ್ತು ಬದುಕಬೇಕಾಯಿತು. ತಪ್ಪಾಗಿ ನೆನೆಯುವುದು ಬರೀ ಪಾಂಡಿತ್ಯದ ದೋಷವಲ್ಲ, ಅದು ನೊಂದವರಿಗೆ ಮತ್ತೊಮ್ಮೆ ಕೊಡುವ ಪೆಟ್ಟು.

ಹಾಗಾದರೆ ಪುಂಡರು ಇರಲೇ ಇಲ್ಲವೇ? ಇದ್ದರು. ಬ್ರಸೆಲ್ಸ್‌ನ ಹೈಸೆಲ್‌ನಲ್ಲಿ 1985ರ ಮೇ 29ರಂದು ಲಿವರ್‌ಪೂಲ್ ಕಡೆಯ ಒಂದು ಗುಂಪು ಯುವೆಂಟಸ್ ಕಡೆಯವರ ಮೇಲೆ ಏರಿಹೋಯಿತು. ಹಿಂದೆ ಸರಿದವರು ಗೋಡೆಗೆ ಒತ್ತಿಕೊಂಡರು, ಗೋಡೆ ಕುಸಿಯಿತು, 39 ಜನ ಸತ್ತರು. 14 ಮಂದಿ ಅಭಿಮಾನಿಗಳಿಗೆ ಶಿಕ್ಷೆಯಾಯಿತು, ಇಂಗ್ಲೆಂಡಿನ ಕ್ಲಬ್ಬುಗಳು ಐದು ವರ್ಷ ಯುರೋಪಿನ ಟೂರ್ನಿಗಳಿಂದ ಹೊರಗುಳಿದವು. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ 2012ರ ಡಿಸೆಂಬರ್ 9ರಂದು ಗ್ಯಾಲರಿಯಿಂದ ಬಂದ ಕಲ್ಲು ಮೋಹನ್ ಬಾಗಾನ್‌ನ ರಹೀಮ್ ನಬಿ ಅವರ ಮುಖಕ್ಕೆ ಬಡಿದು ಪಂದ್ಯವೇ ನಿಂತಿತು. ಕಲ್ಲೆಸೆದವನ ತಪ್ಪನ್ನು ಯಾವ ಬಾಗಿಲಿನ ಅಳತೆಯೂ ಅಳಿಸುವುದಿಲ್ಲ. ಆದರೆ ಹೈಸೆಲ್ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 1930ರಲ್ಲಿ ಕಟ್ಟಿದ ಆ ಕ್ರೀಡಾಂಗಣ ಶಿಥಿಲವಾಗಿತ್ತು. ಯಾವ ಪಕ್ಷಕ್ಕೂ ಸೇರದವರಿಗೆಂದು ಇಟ್ಟ ಅಂಕಣದ ಟಿಕೆಟ್ಟುಗಳು ಯುವೆಂಟಸ್ ಅಭಿಮಾನಿಗಳ ಕೈಸೇರಿದ್ದವು. ಎರಡು ಗುಂಪುಗಳ ನಡುವೆ ಇದ್ದದ್ದು ತೆಳುವಾದ ತಂತಿಬೇಲಿ ಮತ್ತು ಬೆರಳೆಣಿಕೆಯ ಪೊಲೀಸರು. ಆದ್ದರಿಂದಲೇ ಬೆಲ್ಜಿಯಂನ ಅಧಿಕಾರಿಗಳಿಗೂ ಶಿಕ್ಷೆಯಾಯಿತು. ಪುಂಡಾಟಿಕೆ ಗಾಯ ಮಾಡುತ್ತದೆ, ಪಂದ್ಯ ಕೆಡಿಸುತ್ತದೆ. ಅದು ಹತ್ತಾರು ಹೆಣಗಳಾಗಿ ಬೆಳೆಯಬೇಕಾದರೆ ಕಟ್ಟಡವೋ ಆಡಳಿತವೋ ಅದರ ಜೊತೆ ಸೇರಬೇಕು.

ಈ ಮಾತನ್ನು ನಮ್ಮ ನಾಡಿನಲ್ಲೇ ಪರೀಕ್ಷಿಸಿ ನೋಡಬಹುದು. 2023ರ ಮಾರ್ಚ್ 3ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್ಎಲ್ ನಾಕೌಟ್ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಕೇರಳದ ಆಟಗಾರರು ಸಜ್ಜಾಗುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದು ಗೋಲು ಮಾಡಿದರು, ರೆಫರಿ ಒಪ್ಪಿದರು, ಕೇರಳದ ಕೋಚ್ ತಮ್ಮ ತಂಡವನ್ನೇ ಅಂಗಳದಿಂದ ಹೊರಗೆ ಕರೆದುಕೊಂಡು ಹೋದರು. ದಕ್ಷಿಣ ಭಾರತದ ಅತ್ಯಂತ ಬಿಸಿಯಾದ ಪೈಪೋಟಿ, ಎರಡೂ ಕಡೆಯ ಅಭಿಮಾನಿಗಳು, ಅನ್ಯಾಯವಾಯಿತೆಂಬ ಸಿಟ್ಟು ಎಲ್ಲವೂ ಅಲ್ಲಿದ್ದವು. ಕ್ರೀಡಾಂಗಣದಲ್ಲಿ ಯಾರ ಪ್ರಾಣವೂ ಹೋಗಲಿಲ್ಲ. ಅಲ್ಲಿಂದ ಒಂದೆರಡು ಕಿಲೋಮೀಟರ್ ದೂರದಲ್ಲಿ 2025ರ ಜೂನ್ 4ರಂದು ಇದ್ದದ್ದು ಬರೀ ಸಂತೋಷ. ಹದಿನೆಂಟು ವರ್ಷ ಕಾದ ಆರ್‌ಸಿಬಿ ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಐಪಿಎಲ್ ಗೆದ್ದಿತ್ತು. ಬೆಂಗಳೂರಿನ ಸಂಭ್ರಮದಲ್ಲಿ ಎದುರಾಳಿ ಪಕ್ಷವೇ ಇರಲಿಲ್ಲ. ಒಂದು ದಿನವೂ ಕಳೆಯುವ ಮೊದಲೇ ವಿಜಯೋತ್ಸವ ಘೋಷಣೆಯಾಯಿತು. ಮೆರವಣಿಗೆ ಇದೆಯೋ ಇಲ್ಲವೋ, ಪಾಸು ಬೇಕೋ ಬೇಡವೋ ಎಂಬ ಗೊಂದಲ ಮಧ್ಯಾಹ್ನದವರೆಗೂ ಬಗೆಹರಿಯಲಿಲ್ಲ. ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಎರಡು ಲಕ್ಷಕ್ಕೂ ಹೆಚ್ಚು ಜನ ಬಂದರೆಂದು ಸರ್ಕಾರವೇ ಹೇಳಿತು. ಗೇಟುಗಳ ಬಳಿ 11 ಜನ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಸಿಟ್ಟಿದ್ದ ರಾತ್ರಿ ಸಾವಿಲ್ಲ, ನಲಿವಿದ್ದ ಮಧ್ಯಾಹ್ನ ಸಾವು. ಒಂದು ಫುಟ್‌ಬಾಲ್, ಒಂದು ಕ್ರಿಕೆಟ್ ಎಂಬ ಭೇದ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಬಾಗಿಲಿಗೆ ಆಟದ ಗುರುತಿಲ್ಲ. ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ ತನಿಖೆ ನಡೆಸಿತು, ಜನಸಂದಣಿ ನಿಯಂತ್ರಣದ ಮಸೂದೆಯೂ ಬಂತು. ಆದರೂ ‘ಇಷ್ಟೊಂದು ಜನ ಯಾಕೆ ಹೋಗಬೇಕಿತ್ತು’ ಎಂಬ ಪ್ರಶ್ನೆ ಅಂದಿನಿಂದ ಊರೂರಲ್ಲೂ ಕೇಳಿಬರುತ್ತಿದೆ. ಕರೆದವರು ಇದ್ದರು, ಅದಕ್ಕೇ ಹೋದರು.

ಇದಕ್ಕೆ ದುರ್ಗದ ಸೀಮೆಯಿಂದಲೇ ಒಂದು ಬಲವಾದ ಆಕ್ಷೇಪ ಏಳಬಹುದು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ, ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ರಥ ಎಳೆಯುತ್ತಾರೆ, ಯಾವ ಅಳತೆಪಟ್ಟಿಯೂ ಇಲ್ಲದೆ ಪರಿಷೆಗಳು ನಡೆದುಹೋಗುತ್ತವೆ, ಹಾಗಿದ್ದ ಮೇಲೆ ಜನರ ಶಿಸ್ತೇ ಮುಖ್ಯವಲ್ಲವೇ ಎಂಬ ಮಾತು. ಪರಿಷೆಯಲ್ಲಿ ಅವಘಡವೇ ಇಲ್ಲವೆಂದಲ್ಲ, ರಥದ ಗಾಲಿಗೆ ಸಿಕ್ಕವರ ಸುದ್ದಿ ನಾಡಿನಲ್ಲಿ ಆಗಾಗ ಬರುತ್ತಲೇ ಇದೆ. ಆದರೂ ಆಕ್ಷೇಪದಲ್ಲಿ ಹುರುಳಿದೆ, ಮತ್ತು ಆ ಹುರುಳು ನಮ್ಮ ವಾದವನ್ನೇ ಗಟ್ಟಿಮಾಡುತ್ತದೆ. ತೇರು ಬೀದಿಯಲ್ಲಿ ಹರಿಯುತ್ತದೆ. ನೋಡಬೇಕಾದದ್ದು ತಾನೇ ಜನರ ಬಳಿಗೆ ಬರುತ್ತದೆ, ಹಾಗಾಗಿ ಜನ ಬೀದಿಯುದ್ದಕ್ಕೂ ಹರಡಿ ನಿಲ್ಲುತ್ತಾರೆ, ಮನೆ ಮಾಳಿಗೆ ಹತ್ತುತ್ತಾರೆ, ಅಡ್ಡಬೀದಿಗೆ ಸರಿಯುತ್ತಾರೆ. ಬಾಳೆಹಣ್ಣು, ದವನ ಎಸೆದು ಕೈಮುಗಿದವರು ಹಿಂದೆ ಸರಿದರೆ ಇನ್ನೊಬ್ಬರಿಗೆ ಜಾಗ. ದಿನಾಂಕ ತಿಂಗಳುಗಟ್ಟಲೆ ಮೊದಲೇ ಎಲ್ಲರಿಗೂ ಗೊತ್ತು. ಹೊಳಲ್ಕೆರೆಯ ಗಣಪತಿ ಬಹುಕಾಲ ಬಯಲಲ್ಲೇ ಕೂತಿದ್ದರಿಂದ ‘ಬಯಲು ಗಣಪತಿ’ ಎನಿಸಿಕೊಂಡ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಪ್ರತಿ ವರ್ಷ ನಾಟಕೋತ್ಸವಕ್ಕೆ ಸೇರುವ ಸಾವಿರಾರು ಜನರಿಗೆ ತೆರೆದ ಆಕಾಶವೇ ಸೂರು. ಬಯಲಿಗೆ ತಾಳಿಕೆಯಿದೆ, ಸುತ್ತು ಗೋಡೆಗೆ ಇಲ್ಲ. ಜನ ಅದೇ ಜನ, ಜಾಗ ಬದಲಾದಾಗ ಫಲ ಬದಲಾಗುತ್ತದೆ.

ಗೋಡೆಯೊಳಗೆ ಜನರನ್ನು ಸೇರಿಸುವುದಾದರೆ ಅಳತೆ ಅನಿವಾರ್ಯ. ಐಬ್ರಾಕ್ಸ್ ದುರಂತದ ಬಳಿಕ ಬ್ರಿಟನ್ನಿನಲ್ಲಿ 1973ರಲ್ಲಿ ಹೊರಬಂದು ಆಮೇಲೆ ಹಲವು ಸಲ ಪರಿಷ್ಕೃತವಾದ ಕ್ರೀಡಾಂಗಣ ಸುರಕ್ಷತಾ ಮಾರ್ಗದರ್ಶಿಯ ಪ್ರಕಾರ, ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ ದಾಟಬಹುದು, ಮೆಟ್ಟಿಲಿನಲ್ಲಿ 66. ತುರ್ತು ಸಂದರ್ಭದಲ್ಲಿ ಎಲ್ಲರೂ ಹೆಚ್ಚೆಂದರೆ ಎಂಟು ನಿಮಿಷದಲ್ಲಿ ಹೊರಗಿರಬೇಕು. ಈ ಲೆಕ್ಕವನ್ನು ಹತ್ತು ಸಾವಿರ ಜನ ಸೇರುವ ಒಂದು ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹಿಡಿದರೆ ಒಟ್ಟು 15 ಮೀಟರಿಗೂ ಹೆಚ್ಚು ಅಗಲದ ಬಾಗಿಲುಗಳು ಬೇಕು. ಎರಡು ಮೀಟರಿನ ಎರಡು ಗೇಟುಗಳಷ್ಟೇ ಇದ್ದರೆ ಅಷ್ಟೇ ಜನ ಹೊರಬರಲು ಅರ್ಧ ಗಂಟೆ ಹಿಡಿಯುತ್ತದೆ. ಭಾರತದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಕೂಡ 2014ರಲ್ಲಿ ಜನಸಂದಣಿ ನಿರ್ವಹಣೆಯ ಕೈಪಿಡಿ ತಂದಿದೆ. ಹಳ್ಳಿಯ ಹೊನಲು ಬೆಳಕಿನ ಕಬಡ್ಡಿಗೆ ಇದೆಲ್ಲ ಅತಿಯಾಯಿತೆಂದು ಯಾರಾದರೂ ಹೇಳಿದರೆ, ತೆಲಂಗಾಣದ ಸೂರ್ಯಾಪೇಟೆಯಲ್ಲಿ 2021ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿಗೆ ಕಟ್ಟಿದ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಾರು ಜನ ಬಿದ್ದದ್ದನ್ನು ತೋರಿಸಬೇಕಾಗುತ್ತದೆ. ಮರುವರ್ಷದ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಕಾಳಿಕಾವು ಬಳಿ ಸೆವೆನ್ಸ್ ಫುಟ್‌ಬಾಲ್ ಪಂದ್ಯದಲ್ಲೂ ಹಾಗೇ ಆಯಿತು. ಕಾಸರಗೋಡಿನ ಕನ್ನಡಿಗರೂ ಮುಗಿಬಿದ್ದು ನೋಡುವ ಆಟ ಅದು. ಎರಡೂ ಕಡೆ ಜನ ಮಾಡಿದ ತಪ್ಪೆಂದರೆ ಕಟ್ಟಿದವರನ್ನು ನಂಬಿ ಕೂತದ್ದು.

ಸತ್ತವರನ್ನು ನೆನೆಯುವ ಬಗೆ ಊರಿನಿಂದ ಊರಿಗೆ ಬೇರೆ. ಕೋಲ್ಕತ್ತದಲ್ಲಿ ಆಗಸ್ಟ್ 16ನ್ನು ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಆಚರಿಸಿ, ಎರಡೂ ಕ್ಲಬ್ಬುಗಳ ಅಭಿಮಾನಿಗಳು ರಕ್ತದಾನ ಮಾಡುತ್ತಾರೆ. ಗ್ಲ್ಯಾಸ್ಗೋದಲ್ಲಿ ಐಬ್ರಾಕ್ಸ್ ಕ್ರೀಡಾಂಗಣದ ಬಳಿ ಸ್ಮಾರಕವಿದೆ. ಹಿಲ್ಸ್‌ಬರೊದ ಲೆಕ್ಕ ಮಾತ್ರ ಬಹುಕಾಲ ಮುಗಿಯಲಿಲ್ಲ. ಆ ದಿನ ಸತ್ತವರು 94. ನಾಲ್ಕು ದಿನಕ್ಕೆ ಇನ್ನೊಬ್ಬರು, 1993ರಲ್ಲಿ ಮತ್ತೊಬ್ಬರು. ಮಿದುಳಿಗೆ ಆದ ಹಾನಿಯಿಂದ ಮೂವತ್ತೆರಡು ವರ್ಷ ಹಾಸಿಗೆಯಲ್ಲೂ ಗಾಲಿಕುರ್ಚಿಯಲ್ಲೂ ಕಳೆದ ಅಭಿಮಾನಿಯೊಬ್ಬರು 2021ರ ಜುಲೈನಲ್ಲಿ ತೀರಿಕೊಂಡಾಗ, ಅದೂ ಅಂದಿನ ಒತ್ತಡದಿಂದಲೇ ಆದ ಸಾವೆಂದು ಮರಣವಿಚಾರಣಾಧಿಕಾರಿ ದಾಖಲಿಸಿದರು. ಹಳೆಯ ಪುಸ್ತಕಗಳಲ್ಲಿ 95, ಆಮೇಲಿನವುಗಳಲ್ಲಿ 96 ಎಂದಿರುವ ಆ ಸಂಖ್ಯೆ ಈಗ 97.